ಸರ್ಟಿಫಿಕೇಟು ಸಿಗುವ ಸಮುದ್ರತೀರ

ಪೋರ್ಚುಗಲ್ಲಿಗೆ ಹೊರಟಿದ್ದೇನೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಅವರ ಕಾಲನ್ನು. ವೀಸಾ ಸಿಕ್ಕಿತೇ, ವಿಮಾನಕ್ಕೆಷ್ಟು ಬಿತ್ತು, ಅಲ್ಲಿ ಅನ್ನ ಸಿಗುತ್ತದೆಯೇ ಎಂಬ ವಿಚಾರಣೆಯೆಲ್ಲ ಆಮೇಲೆ. ಕಾಲಲ್ಲಿರುವುದು ಹರಡನ್ನು ಹಿಡಿದು ನಿಲ್ಲುವ ಬೂಟೋ, ಮದುವೆಮನೆಗೆ ಹಾಕಿಕೊಂಡು ಹೋಗುವ ಚಪ್ಪಲಿಯೋ? ಚಪ್ಪಲಿಯಾದರೆ ಅವರಿಗೆ ಲಿಸ್ಬನ್ ಸಿಕ್ಕೀತು, ಪೋರ್ಚುಗಲ್ ಸಿಗಲಾರದು. ಲಿಸ್ಬನ್ ಕೂಡ ಅನುಮಾನವೇ. ಅಲ್ಲಿಯ ಕಾಲುದಾರಿಗೆ ಹಾಸಿರುವುದು ಪುಟ್ಟ ಪುಟ್ಟ ಸುಣ್ಣಕಲ್ಲಿನ ತುಂಡುಗಳನ್ನು. ಬಿಳಿ, ಕರಿ ಸೇರಿಸಿ ಅಲೆ, ಹಡಗು, ಹೂಬಳ್ಳಿ ಬಿಡಿಸಿದ್ದಾರೆ. ನೋಡಲು ಬಲು ಚೆಂದ. ಆದರೆ ತಲೆಮಾರುಗಳು ತುಳಿದು ನುಣುಪಾದ ಆ ಕಲ್ಲಿನ ಮೇಲೆ ನಾಲ್ಕು ಹನಿ ಮಳೆ ಬಿದ್ದರೆ, ಊರಿನ ಏಳು ಗುಡ್ಡಗಳಲ್ಲಿ ಯಾವುದರಿಂದ ಬೇಕಾದರೂ ಟಿಕೆಟ್ಟಿಲ್ಲದೆ ನದೀತೀರಕ್ಕೆ ಇಳಿದುಬಿಡಬಹುದು.

ನನ್ನ ಷಡ್ಡಕರೊಬ್ಬರಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದವರು, ಪಟ್ಟಿ ಬರೆಯದೆ ತರಕಾರಿ ಅಂಗಡಿಗೂ ಹೋದವರಲ್ಲ. ಪೋರ್ಚುಗಲ್ಲಿಗೆ ಹೋಗುವುದೆಂದು ನಿಶ್ಚಯವಾದ ಮೇಲೆ ಮೂರು ಹಾಳೆ ಪಟ್ಟಿ ಹಿಡಿದುಕೊಂಡು ಮನೆಗೆ ಬಂದರು. ಬೆಲೆಂ ಗೋಪುರ, 28ನೇ ನಂಬರಿನ ಟ್ರಾಮು, ಸಿಂತ್ರಾದ ಅರಮನೆ, ಪೋರ್ತೊದ ಸೇತುವೆ, ಇನ್ನೇನೇನೋ. "ಭಾವ, ಇದರಲ್ಲಿ ಯಾವುದನ್ನು ಬಿಟ್ಟರೆ ನಡೆಯುತ್ತದೆ, ನೀವೇ ಹೇಳಿ" ಅಂದರು. "ಹಾಳೆಗಳನ್ನು ಬಿಟ್ಟರೆ ನಡೆಯುತ್ತದೆ" ಅಂದೆ. ಅವರ ಮುಖ ಸಪ್ಪಗಾಯಿತು. ಅವರನ್ನು ಸಮಾಧಾನ ಮಾಡಲು ಕಾಫಿ ಕುಡಿಸಿ ಹೇಳಿದ ಮಾತುಗಳನ್ನೇ ಇಲ್ಲಿ ಇನ್ನಷ್ಟು ಲಂಬಿಸುತ್ತಿದ್ದೇನೆ.

ಪೋರ್ಚುಗಲ್ ದೊಡ್ಡ ದೇಶವಲ್ಲ. ಕರ್ನಾಟಕದ ಅರ್ಧದಷ್ಟೂ ಇಲ್ಲ. ಪಶ್ಚಿಮಕ್ಕೂ ದಕ್ಷಿಣಕ್ಕೂ ಅಟ್ಲಾಂಟಿಕ್ ಸಾಗರ, ಮಿಕ್ಕ ಎರಡು ದಿಕ್ಕಿಗೆ ಸ್ಪೇನ್. ಒಳಗಿರುವುದೆಲ್ಲ ಒಳ್ಳೆಯದೇ, ಇಲ್ಲವೆನ್ನುವುದಿಲ್ಲ. ದೌರೊ ನದಿಯ ಇಕ್ಕೆಲದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಹೋದ ದ್ರಾಕ್ಷಿತೋಟಗಳಿವೆ. ಅರೌಕಾ ಎಂಬಲ್ಲಿ ಪೈವಾ ನದಿಯ ಕಮರಿಯ ಮೇಲೆ 516 ಮೀಟರ್ ಉದ್ದದ ತೂಗುಸೇತುವೆ ಇದೆ. 2021ರಲ್ಲಿ ತೆರೆದರು, ಕಾಲಡಿಯ ಜಾಲರಿಯಲ್ಲಿ 175 ಮೀಟರ್ ಕೆಳಗಿನ ನೀರು ಕಾಣುತ್ತದೆ. ತಲೆ ತಿರುಗುವ ಜಾತಿಯವರಾದರೆ ಸೇತುವೆಯ ಹೆಸರು ಹೇಳಿಕೊಂಡು ಈಚೆಯೇ ನಿಂತುಬಿಡಿ. ಆದರೂ ನನ್ನ ಅಭಿಪ್ರಾಯದಲ್ಲಿ ಆ ದೇಶದ ಸತ್ವವೆಲ್ಲ ಅಂಚಿನಲ್ಲಿದೆ. ಅಂಚನ್ನು ನೋಡಬೇಕಾದದ್ದು ನಡೆದು.

ಲಿಸ್ಬನ್ನಿನಲ್ಲಿ ನನಗೆ ಕೆಲಸವಿದ್ದದ್ದು ಒಂದೇ ಕಡೆ, ಜೆರೋನಿಮೋಸ್ ಮಠದಲ್ಲಿ. ಅಲ್ಲಿಯ ಚರ್ಚಿನ ಬಾಗಿಲು ದಾಟಿ ಒಳಗೆ ಹೋದರೆ ವಾಸ್ಕೊ ಡ ಗಾಮ ಕೈಮುಗಿದು ಮಲಗಿದ್ದಾನೆ, ಕಲ್ಲಿನಲ್ಲಿ. ಎದುರುಬದುರಾಗಿ ಕವಿ ಕಮೋಯಿಂಶ್‌ನ ಸಮಾಧಿ. ಈ ಗಾಮನಿಗೂ ನಮಗೂ ಹಳೆಯ ಲೆಕ್ಕವಿದೆ. 1498ರಲ್ಲಿ ಕಲ್ಲಿಕೋಟೆಯಿಂದ ವಾಪಸು ಹೋಗುವಾಗ ಅವನು ಹಡಗು ರಿಪೇರಿಗೆ ನಿಂತದ್ದು ನಮ್ಮ ಕಾರವಾರದೆದುರಿನ ಅಂಜುದೀವ ದ್ವೀಪದಲ್ಲಿ. ಸತ್ತದ್ದೂ ಇಲ್ಲೇ, ಕೊಚ್ಚಿಯಲ್ಲಿ, 1524ರಲ್ಲಿ. ಅವಶೇಷ ಊರಿಗೆ ಹೋಗಿ, ಇನ್ನೊಂದು ಕಡೆ ಮುನ್ನೂರಕ್ಕೂ ಹೆಚ್ಚು ವರ್ಷ ಇದ್ದು, ಈ ಚರ್ಚಿಗೆ ಬಂದದ್ದು 1880ರಲ್ಲಿ. ಪ್ರವಾಸ ಮುಗಿಸಲು ಇಷ್ಟು ಕಾಲ ಹಿಡಿದ ಪ್ರವಾಸಿ ಇನ್ನೊಬ್ಬನಿರಲಾರ. ಅವನ ತೋಪುಗಳು, ಅವನ ನಂತರದವರು ನಮ್ಮ ಬಂದರುಗಳಿಂದ ಸುಲಿದ ಅಕ್ಕಿ ಕಪ್ಪ, ಉಳ್ಳಾಲದ ಅಬ್ಬಕ್ಕ ಅವರಿಗೆ ಕೊಟ್ಟ ಉತ್ತರ, ಇವೆಲ್ಲ ನೆನಪಾಗಿ ಕೈಮುಗಿಯಲು ಮನಸ್ಸಾಗಲಿಲ್ಲ. ಹೊರಗೆ ಬಂದು, 1837ರಿಂದ ನಡೆಯುತ್ತಿರುವ ಪಕ್ಕದ ಅಂಗಡಿಯಲ್ಲಿ ಬಿಸಿಬಿಸಿ ಕಸ್ಟರ್ಡಿನ ಪೇಸ್ಟ್ರಿ ತಿಂದೆ. ಕೋಪ ಹೊಟ್ಟೆಯ ಮುಂದೆ ನಿಲ್ಲುವುದಿಲ್ಲ. ಮೊಟ್ಟೆ ತಿನ್ನದವರು ಮಾತ್ರ ಆ ಸಾಲಿನಲ್ಲಿ ನಿಲ್ಲಬೇಡಿ, ಒಳಗಿರುವುದೆಲ್ಲ ಮೊಟ್ಟೆಯ ಹಳದಿಯೇ.

ಊಟದ ಮಾತು ಬಂತು, ಒಂದು ಗುಟ್ಟು ಹೇಳಿಬಿಡುತ್ತೇನೆ. ಹೋಟೆಲಿನಲ್ಲಿ ಕೂತ ಕೂಡಲೇ ಕೇಳದೆಯೇ ಬ್ರೆಡ್ಡು, ಆಲಿವ್, ಗಿಣ್ಣು ತಂದಿಡುತ್ತಾರೆ. ಎಂಥ ಅತಿಥಿ ಸತ್ಕಾರ ಎಂದು ಕೈಹಾಕಿದಿರೋ, ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ಬರುತ್ತದೆ. ಬೇಡವಾದರೆ ಮುಟ್ಟಬೇಡಿ. ಮುಟ್ಟದ್ದಕ್ಕೆ ದುಡ್ಡಿಲ್ಲ.

ಲಿಸ್ಬನ್ನಿನಿಂದ ಪಶ್ಚಿಮಕ್ಕೆ ಕಾಬೊ ದ ರೋಕಾ ಎಂಬ ಬಂಡೆಯ ಮೂಗು. ಯುರೋಪು ಖಂಡದ ನೆಲ ಪಶ್ಚಿಮದಲ್ಲಿ ಮುಗಿಯುವುದು ಇಲ್ಲಿ. ಕೆಳಗೆ 140 ಮೀಟರ್ ಪ್ರಪಾತ, ಆಮೇಲೆ ಅಮೆರಿಕದ ತನಕ ನೀರೇ ನೀರು. ಒಂದು ಕಲ್ಲಿನ ಶಿಲುಬೆಕಂಬ, ಒಂದು ದೀಪಸ್ತಂಭ, ಟೋಪಿ ಹಾರಿಸುವ ಗಾಳಿ, ಅಷ್ಟೇ ಅಲ್ಲಿರುವುದು. ಜೊತೆಗೊಂದು ಪ್ರವಾಸಿ ಕಚೇರಿ. ಅಲ್ಲಿ ದುಡ್ಡು ಕಟ್ಟಿದರೆ, ಇಂಥವರು ಯುರೋಪಿನ ಪಶ್ಚಿಮ ತುದಿಗೆ ಬಂದಿದ್ದರು ಎಂದು ನಿಮ್ಮ ಹೆಸರು ಬರೆದು, ಮೊಹರು ಹಾಕಿ ಪ್ರಮಾಣಪತ್ರ ಕೊಡುತ್ತಾರೆ. ಸಮುದ್ರಕ್ಕೆ ಬೆನ್ನು ಹಾಕಿ ಆ ಸಾಲಿನಲ್ಲಿ ನಿಂತ ಜನರನ್ನು ನೋಡಿದೆ. ಹುಟ್ಟಿದ್ದಕ್ಕೆ, ಓದಿದ್ದಕ್ಕೆ, ಜಾತಿಗೆ, ಆದಾಯಕ್ಕೆ, ಪಿಂಚಣಿ ಬೇಕಾದರೆ ಬದುಕಿರುವುದಕ್ಕೂ ಸರ್ಟಿಫಿಕೇಟು ತೋರಿಸುವ ನಾಡಿನಿಂದ ಬಂದವನು ನಾನು; ಸೂರ್ಯ ಮುಳುಗುವುದನ್ನು ನೋಡಿದ್ದಕ್ಕೂ ಒಂದು ಇರಲಿ ಎನಿಸಿದ್ದು ಸುಳ್ಳಲ್ಲ. ಷಡ್ಡಕರಿಗೆ ಇದನ್ನು ಹೇಳಿದ ತಕ್ಷಣ ಪಟ್ಟಿಯಲ್ಲಿ ಮೊದಲನೆಯ ಸಾಲಿಗೆ ಏರಿಸಿಕೊಂಡರು. ಇಲ್ಲಿಗೆ ಬರುವವರು ಬೇಲಿ ದಾಟಿ ಸೆಲ್ಫಿಗೆ ಹೋಗಬಾರದು. ಗಾಳಿ ತಮಾಷೆಯದಲ್ಲ.

ಈಗ ಸಾಹಸದ ವಿಷಯ. ಲಿಸ್ಬನ್ನಿನಿಂದ ಉತ್ತರಕ್ಕೆ ಬಸ್ಸು ಹಿಡಿದರೆ ನಜರೆ ಎಂಬ ಮೀನುಗಾರರ ಊರು. ಕೆಳಗೊಂದು ಊರು, ಬಂಡೆಯ ಮೇಲೊಂದು ಊರು. ನಡುವೆ 1889ರಿಂದ ಓಡುತ್ತಿರುವ, ಹಗ್ಗ ಎಳೆಯುವ ಪುಟ್ಟ ರೈಲು. ಕೆಳಗಿನ ಮರಳಿನಲ್ಲಿ ಹೆಂಗಸರು ಮೀನು ಸೀಳಿ, ಮರದ ಚೌಕಟ್ಟಿಗೆ ಬಿಗಿದ ಬಲೆಯ ಮೇಲೆ ಬಿಡಿಸಿ ಬಿಸಿಲಿಗೆ ಹಾಕಿರುತ್ತಾರೆ. ಆ ವಾಸನೆಗೆ ಬೇರೆ ದೇಶದ ಪ್ರವಾಸಿಗರು ಮೂಗು ಮುಚ್ಚಿಕೊಂಡರೆ ಕುಮಟೆ, ಮಲ್ಪೆಯ ಕಡೆಯವರು ಮೂಗರಳಿಸುತ್ತಾರೆ. ಒಣಮೀನಿನ ಅಂಗಳದ ಮಟ್ಟಿಗೆ ಪ್ರಪಂಚ ಒಂದೇ. ಹಳೆಯ ಹೆಂಗಸರು ಒಂದರ ಮೇಲೊಂದು ಏಳು ಲಂಗ ತೊಡುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಯಾಕೆ ಏಳು ಎಂದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಚಳಿಗಾಳಿಯಲ್ಲಿ ಕಡಲತಡಿಯಲ್ಲಿ ಕೂತು ಗಂಡನ ದೋಣಿ ಕಾಯುವವರಿಗೆ ಎಂಟಾದರೂ ಹೆಚ್ಚಲ್ಲ.

ಜನ ಈಗ ಮುಗಿಬೀಳುವುದು ಮೇಲಿನ ಊರಿನಾಚೆಯ ಸಣ್ಣ ಕೋಟೆಗೆ. ಅದರ ಆಚೆ ಬದಿಯ ಉತ್ತರ ಕಡಲತೀರದಲ್ಲಿ ಏಳುವ ಅಲೆಗಳೇ ಮನುಷ್ಯರು ಸವಾರಿ ಮಾಡುವ ಅಲೆಗಳ ಪೈಕಿ ಜಗತ್ತಿನಲ್ಲಿ ಅತಿ ಎತ್ತರದವು. 2011ರಲ್ಲಿ ಗ್ಯಾರೆಟ್ ಮೆಕ್‌ನಮಾರ ಎಂಬ ಅಮೆರಿಕದವನು ಸುಮಾರು 24 ಮೀಟರಿನ ಅಲೆಯ ಮೇಲೆ ಇಳಿದು ಬಂದ. 2020ರ ಅಕ್ಟೋಬರಿನಲ್ಲಿ ಜರ್ಮನಿಯ ಸೆಬಾಸ್ಟಿಯನ್ ಶ್ಟೋಯ್ಟ್ನರ್ ಸವಾರಿ ಮಾಡಿದ ಅಲೆಯನ್ನು ಅಳೆದಾಗ 26.21 ಮೀಟರ್ ಬಂತು. ಅಷ್ಟು ದೊಡ್ಡ ಅಲೆ ಅಲ್ಲೇ ಯಾಕೆ ಏಳಬೇಕು? ಸಮುದ್ರದ ತಳದಲ್ಲಿ ಒಂದು ಕಮರಿಯಿದೆ. ಸುಮಾರು 230 ಕಿಲೋಮೀಟರ್ ಉದ್ದ, ದೂರದಲ್ಲಿ ಐದು ಸಾವಿರ ಮೀಟರ್ ಆಳ. ಅದರ ತಲೆ ಬಂದು ನಿಲ್ಲುವುದು ಈ ದಡದ ಬುಡದಲ್ಲಿ. ದೂರದ ಬಿರುಗಾಳಿ ಎಬ್ಬಿಸಿದ ಅಲೆ ದಡಕ್ಕೆ ಬರುವಾಗ, ಕಮರಿಯ ಮೇಲಿನ ಭಾಗಕ್ಕೆ ಆಳದ ನೀರಿನಲ್ಲಿ ತಡೆಯಿಲ್ಲ, ಓಡಿಬರುತ್ತದೆ. ಪಕ್ಕದ ಆಳವಿಲ್ಲದ ನೀರಿನ ಭಾಗ ತಳಕ್ಕೆ ಉಜ್ಜಿಕೊಂಡು ನಿಧಾನವಾಗುತ್ತದೆ. ಓಡಿಬಂದದ್ದು ಬಾಗಿ, ನಿಧಾನವಾದದ್ದರ ಮೇಲೆ ಏರುತ್ತದೆ. ಎರಡು ಅಲೆಯ ಎತ್ತರ ಕೂಡಿಕೊಳ್ಳುತ್ತದೆ. ದಡದುದ್ದಕ್ಕೂ ಹರಿದು ಬಂದು ಒಳಕ್ಕೆ ತಿರುಗುವ ನೀರು ಎದುರಾಗಿ ಅದನ್ನು ಇನ್ನಷ್ಟು ಎತ್ತುತ್ತದೆ.

ನಾನು ಕೋಟೆಯ ಮಾಳಿಗೆಯಲ್ಲಿ ನಿಂತು ನೋಡಿದ ದಿನ ದಾಖಲೆಯ ಅಲೆಯೇನೂ ಇರಲಿಲ್ಲ. ಆದರೂ ಹೇಳುತ್ತೇನೆ. ಮೊದಲು ದೂರದಲ್ಲಿ ನೀರು ಕಪ್ಪಾಗಿ ಒಂದು ಗೆರೆ. ಗೆರೆ ದಪ್ಪವಾಗುತ್ತದೆ. ಸದ್ದಿಲ್ಲ. ನೀರಿನ ಬೈಕಿನವನು ಹಗ್ಗದಲ್ಲಿ ಎಳೆದು ತಂದ ಮನುಷ್ಯ ಹಗ್ಗ ಬಿಟ್ಟಾಗ ಒಂದು ಬಿಳಿ ಗೀರು ಮಾತ್ರ ಕಾಣುತ್ತದೆ, ಗೀರಿನ ತುದಿಯಲ್ಲಿ ಒಂದು ಚುಕ್ಕಿ. ಚುಕ್ಕಿ ಇಳಿಯುತ್ತಲೇ ಇದೆ, ಇಳಿದಷ್ಟೂ ಅದರ ಹಿಂದಿನ ಗೋಡೆ ಏಳುತ್ತಲೇ ಇದೆ. ಗೋಡೆ ಮುರಿದಾಗ ಸದ್ದು ಕಿವಿಗಿಂತ ಮೊದಲು ಕಾಲಡಿಯ ಕಲ್ಲಿಗೆ ಮುಟ್ಟುತ್ತದೆ. ಪಕ್ಕದಲ್ಲಿದ್ದ ಊರಿನ ಮುದುಕರೊಬ್ಬರು ಬೆನ್ನು ತಿರುಗಿಸಿ ಸಿಗರೇಟು ಹಚ್ಚುತ್ತಿದ್ದರು. ಈ ನೀರಿಗೆ ಹೆದರಿ ಬದುಕಿದ ಪೀಳಿಗೆಯವರಿಗೆ ಅದರ ಮೇಲೆ ಬೇಕೆಂದೇ ಇಳಿಯುವುದು ಆಟವಾಗಿ ಕಾಣದಿದ್ದರೆ ಆಶ್ಚರ್ಯವಿಲ್ಲ. ದೊಡ್ಡ ಅಲೆ ಬೇಕಾದರೆ ಅಕ್ಟೋಬರಿನಿಂದ ಮಾರ್ಚಿನೊಳಗೆ ಹೋಗಿ; ಬೇಸಿಗೆಯಲ್ಲಿ ಹೋದರೆ ಅಲ್ಲಿ ಬರಿಯ ಕೋಟೆಯಿರುತ್ತದೆ. ನಿಮಗೇ ಹಲಗೆ ಹತ್ತುವ ಉತ್ಸಾಹವಿದ್ದರೆ ಎರಿಸೈರಾದಲ್ಲೋ ಪೆನಿಶೆಯಲ್ಲೋ ಕಲಿಸುವ ಶಾಲೆಗಳುಂಟು. ಆದರೆ ಅದಕ್ಕೆ ಮೊದಲು ನಮ್ಮ ಮೂಲ್ಕಿ ಸಸಿಹಿತ್ಲುವಿನ ಬೆಚ್ಚಗಿನ ನೀರಿನಲ್ಲಿ ಬಿದ್ದು ಎದ್ದು ಕಲಿತು ಹೋಗುವುದೇ ಲೇಸು.

ಬೆಚ್ಚಗಿನ ನೀರು ಅಂದೆನಲ್ಲ, ಅದನ್ನು ಒತ್ತಿ ಹೇಳಬೇಕು. ಕರಪತ್ರಗಳ ಚಿತ್ರದಲ್ಲಿ ನೀಲಿ ಕಡಲು, ಹೊನ್ನಿನ ಮರಳು, ಸುಡುವ ಬಿಸಿಲು. ನೋಡಿದವರು ಈಜುಬಟ್ಟೆ ಕಟ್ಟಿಕೊಂಡು ಹೋಗುತ್ತಾರೆ. ಪಶ್ಚಿಮ ತೀರದಲ್ಲಿ ನಡುಬೇಸಿಗೆಯಲ್ಲೂ ನೀರು 16ರಿಂದ 18 ಡಿಗ್ರಿ! ನಮ್ಮ ಅರಬ್ಬಿ ಸಮುದ್ರದಲ್ಲಿ ಮಿಂದವರು ಮೊಣಕಾಲಿನ ತನಕ ಇಳಿದು, ದೇವರನ್ನು ನೆನೆದು, ಹಿಂದಕ್ಕೆ ಬರುತ್ತಾರೆ. ಕಾರಣ ಉತ್ತರದ ಗಾಳಿ. ಬೇಸಿಗೆಯಿಡೀ ದಡದುದ್ದಕ್ಕೂ ಬೀಸುವ ಅದು ಮೇಲಿನ ಬೆಚ್ಚಗಿನ ನೀರನ್ನು ಆಚೆ ತಳ್ಳುತ್ತದೆ, ತಳದ ತಣ್ಣೀರು ಮೇಲೆ ಬರುತ್ತದೆ. ಬಯ್ಯಬೇಡಿ, ಆ ತಣ್ಣೀರಿನ ಸಾರದಲ್ಲೇ ಅವರ ಸಾರ್ಡೀನ್ ಮೀನು ಕೊಬ್ಬುವುದು. ಮಳೆಗಾಲದ ಗಾಳಿಗೆ ನಮ್ಮ ಕರಾವಳಿಯಲ್ಲೂ ತಳದ ನೀರು ಹೀಗೇ ಮೇಲೇಳುತ್ತದೆ, ನಮ್ಮ ಬೂತಾಯಿಗೂ ಅದೇ ಕೊಬ್ಬು. ಜೂನಿನಲ್ಲಿ ಸಂತ ಅಂತೋನಿಯ ಹಬ್ಬಕ್ಕೆ ಲಿಸ್ಬನ್ನಿನ ಗಲ್ಲಿಗಲ್ಲಿಯಲ್ಲಿ ಕೆಂಡದ ಮೇಲೆ ಸಾರ್ಡೀನ್ ಸುಡುತ್ತಾರೆ. ಬರಿಯ ಹರಳುಪ್ಪು ಹಾಕಿ! ಅಮೆರಿಕದ ಮೆಣಸಿನಕಾಯಿಯನ್ನು ನಮ್ಮ ಕರಾವಳಿಗೆ ತಂದು ಕೊಟ್ಟವರು ಇವರೇ. ಅದರಿಂದ ನಾವು ಬೂತಾಯಿ ಪುಳಿಮುಂಚಿ ಮಾಡಿಕೊಂಡೆವು. ತಂದವರು ಕೋಳಿಗೆ ಖಾರ ಹಚ್ಚಿ, ಮೀನನ್ನು ಉಪ್ಪಿಗೇ ಬಿಟ್ಟರು. ಈ ಒಂದು ವ್ಯಾಪಾರದಲ್ಲಿ ಲಾಭ ನಮಗೇ.

ನೋಡಲೇಬೇಕಾದ್ದು ಒಂದೇ ಹೇಳಿ ಎಂದು ಷಡ್ಡಕರು ಪೀಡಿಸಿದರು. ಹೇಳಿದೆ: ಮೀನುಗಾರರ ಹಾದಿ. ಅಲೆಂತೇಜು ಪ್ರಾಂತ್ಯದ ಕಡಲಂಚಿನಲ್ಲಿ, ಗಾಳಹಾಕುವವರು ತಮ್ಮ ತಮ್ಮ ಬಂಡೆಗೆ ಹೋಗಲು ತುಳಿದ ಕಾಲುದಾರಿಗಳನ್ನೇ ಜೋಡಿಸಿ ಮಾಡಿದ್ದು. ಹಸಿರು ನೀಲಿ ಗೆರೆ ಬಳಿದ ಗೂಟ ಹಿಡಿದು ಹೋದರೆ ದಾರಿ ತಪ್ಪುವುದಿಲ್ಲ. ಪೋರ್ತೊ ಕೋವೊ ಎಂಬ ಬಿಳಿಗೋಡೆಯ ಪುಟ್ಟ ಊರಿನಿಂದ ದಕ್ಷಿಣಕ್ಕೆ ವಿಲಾ ನೋವಾ ದ ಮಿಲ್‌ಫೋಂತೆಸ್‌ಗೆ 20 ಕಿಲೋಮೀಟರ್. ಇಪ್ಪತ್ತೇ ತಾನೆ ಎನ್ನಬೇಡಿ. ಬಹುಪಾಲು ಸಡಿಲ ಮರಳು. ಹೆಜ್ಜೆ ಹರಡಿನವರೆಗೆ ಹೂಳುತ್ತದೆ, ಒಂದು ಕಿಲೋಮೀಟರಿಗೆ ಎರಡರ ದಣಿವು. ನೆರಳಿಲ್ಲ, ನಡುವೆ ಅಂಗಡಿಯಿಲ್ಲ. ಎಡಗಡೆ ಅಂಟಂಟು ಎಲೆಯ ಕುರುಚಲು ಗಿಡ, ಬಿಸಿಲಿಗೆ ಅದರ ಮೇಣದ ಪರಿಮಳ. ಬಲಗಡೆ ಕರಿಕಲ್ಲಿನ ಪ್ರಪಾತ.

ಆ ಪ್ರಪಾತದ ಕೆಳಗೆ ಕಂಡದ್ದನ್ನು ಹೇಳದೆ ಮುಂದೆ ಹೋಗಲಾರೆ. ಹಗ್ಗ ಹಿಡಿದು ಇಬ್ಬರು ಇಳಿದಿದ್ದರು. ಒಬ್ಬನ ಕೈಯಲ್ಲಿ ಚಪ್ಪಟೆ ತುದಿಯ ಕಬ್ಬಿಣದ ಸಲಾಕೆ, ಸೊಂಟಕ್ಕೆ ಬಲೆಯ ಚೀಲ. ಇನ್ನೊಬ್ಬನ ಕೆಲಸ ಅಲೆ ನೋಡುವುದು. ಅಲೆ ಹಿಂದೆ ಸರಿದ ಕ್ಷಣ ಮೊದಲನೆಯವನು ಬಂಡೆಗೆ ಹಾರಿ, ಸಂದಿಯಲ್ಲಿ ಕಚ್ಚಿಕೊಂಡ ಗೊಂಚಲನ್ನು ಎರಡೇಟಿಗೆ ಕೀಳುತ್ತಾನೆ. ಕಾಯುವವನು ಕೂಗುತ್ತಾನೆ. ಇವನು ಬೆಕ್ಕಿನಂತೆ ಮೇಲಕ್ಕೆ ನೆಗೆಯುತ್ತಾನೆ, ಅವನು ನಿಂತಿದ್ದ ಜಾಗದಲ್ಲಿ ನೊರೆ. ಅವರು ಕೀಳುತ್ತಿದ್ದದ್ದು ಪೆರ್ಸೆಬೆಸ್ ಎಂಬ ಚಿಪ್ಪುಪ್ರಾಣಿ. ಕರಿ ತೊಗಲಿನ ಕಾಂಡ, ತುದಿಯಲ್ಲಿ ಬಿಳಿ ಉಗುರು. ಅಲೆ ಜೋರಾಗಿ ಬಡಿಯುವ ಬಂಡೆಯಲ್ಲೇ ಬೆಳೆಯುತ್ತದೆ. ಉಪ್ಪುನೀರಿನಲ್ಲಿ ಕ್ಷಣ ಕುದಿಸಿ ತಿನ್ನುತ್ತಾರಂತೆ, ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಕಿತ್ತವರನ್ನು ಕಂಡ ಮೇಲೆ ಚೌಕಾಸಿ ಮಾಡುವ ಬಾಯಿ ಬರುವುದಿಲ್ಲ.

ಇನ್ನೂ ದಕ್ಷಿಣಕ್ಕೆ ನಡೆದರೆ ಸರ್ದಾವ್ ಭೂಶಿರ. ಅಲ್ಲಿ ಕಡಲಿನ ನಡುವೆ ಒಂಟಿಯಾಗಿ ನಿಂತ ಕಲ್ಲುಕಂಬಗಳ ನೆತ್ತಿಯಲ್ಲಿ ಬಿಳಿ ಕೊಕ್ಕರೆಗಳು ಕಡ್ಡಿ ಒಟ್ಟಿ ಗೂಡು ಕಟ್ಟಿವೆ. ಯುರೋಪಿನ ಬೇರೆಡೆ ಈ ಹಕ್ಕಿ ಮನೆಯ ಚಿಮಣಿ, ಚರ್ಚಿನ ಗೋಪುರ, ವಿದ್ಯುತ್ ಕಂಬ ಹುಡುಕುತ್ತದೆ. ಸಮುದ್ರದ ಬಂಡೆಯ ಮೇಲೆ ಸಂಸಾರ ಹೂಡುವುದು ಇಲ್ಲಿ ಮಾತ್ರ. ಕೆಳಗೆ ಅಲೆ ಅಪ್ಪಳಿಸುತ್ತಿದೆ, ಗಾಳಿ ಪುಕ್ಕ ಕೀಳುವಂತಿದೆ, ತಾಯಿಹಕ್ಕಿ ಒಂಟಿಕಾಲಿನಲ್ಲಿ ನಿರಾತಂಕ. ಅಲ್ಲಿಯ ದೀಪಸ್ತಂಭದ್ದೂ ಒಂದು ತಮಾಷೆ: ಸಮುದ್ರದ ಕಡೆ ಇರಬೇಕಾದ ಗೋಪುರ ನೆಲದ ಕಡೆಗಿದೆ. ನಕ್ಷೆಯನ್ನು ತಿರುಗಾಮುರುಗಾ ಹಿಡಿದು ಕಟ್ಟಿಬಿಟ್ಟರೆಂದು ಜನ ಹೇಳುತ್ತಾರೆ. ನಮ್ಮಲ್ಲಿ ಮಾತ್ರ ಹೀಗಾಗುತ್ತದೆ ಎಂದುಕೊಂಡಿದ್ದವರಿಗೆ ಅದರ ಕೆಳಗೆ ನಿಂತರೆ ಒಂದು ಬಗೆಯ ನೆಮ್ಮದಿ.

ನೈರುತ್ಯದ ತುತ್ತತುದಿ ಸಂತ ವಿನ್ಸೆಂಟನ ಭೂಶಿರ. ಅಲ್ಲಿಯೂ ಒಂದು ಗಾಡಿಯಲ್ಲಿ ಜರ್ಮನ್ ಸಾಸೇಜು ಮಾರಿ, ಅಮೆರಿಕಕ್ಕೆ ಮುಂಚಿನ ಕಡೆಯ ಸಾಸೇಜು ಇದೇ ಎಂದು ಸರ್ಟಿಫಿಕೇಟು ಕೊಡುತ್ತಿದ್ದರು! ಗ್ರೀಕ್ ಭೂಗೋಳಕಾರ ಸ್ಟ್ರೇಬೊ ಎರಡು ಸಾವಿರ ವರ್ಷದ ಹಿಂದೆ ಈ ಜಾಗದ ಬಗ್ಗೆ ಬರೆದಿದ್ದಾನೆ. ರಾತ್ರಿ ಇಲ್ಲಿ ದೇವತೆಗಳಿರುತ್ತಾರೆ, ಮನುಷ್ಯರು ಕಾಲಿಡಬಾರದು, ಪಕ್ಕದ ಹಳ್ಳಿಯಲ್ಲಿ ಮಲಗಿ ಬೆಳಗ್ಗೆ ಬರಬೇಕು ಎಂಬ ನಂಬಿಕೆ ಆಗ ಇತ್ತಂತೆ. ಈ ಸಾಗರದಲ್ಲಿ ಮುಳುಗುವಾಗ ಸೂರ್ಯ ಬೆಂಕಿ ನೀರಿಗೆ ಬಿದ್ದಂತೆ ಚುಂಯ್ ಎನ್ನುತ್ತಾನೆ ಎಂದೂ ಜನ ಹೇಳುತ್ತಿದ್ದರಂತೆ. ಪೊಸಿಡೋನಿಯಸ್ ಎಂಬ ಪಂಡಿತ ಇಂಥದ್ದನ್ನೆಲ್ಲ ಒಪ್ಪದೆ, ಈಗಿನ ಕಾದಿಸ್ ಊರಿನಲ್ಲಿ 30 ದಿನ ಕೂತು ಸೂರ್ಯಾಸ್ತ ನೋಡಿ ಪರೀಕ್ಷೆ ಮಾಡಿದ. ವಿಜ್ಞಾನದ ಹೆಸರಿನಲ್ಲಿ ನಡೆದ ಇಷ್ಟು ಸುಖವಾದ ಸಂಶೋಧನೆ ನನಗೆ ಇನ್ನೊಂದು ಗೊತ್ತಿಲ್ಲ.

ಇಲ್ಲಿಂದ ಪೂರ್ವಕ್ಕೆ ತಿರುಗಿದರೆ ಅಲ್ಗಾರ್ವ್ ತೀರ, ಅರಿಶಿನ ಬಣ್ಣದ ಸುಣ್ಣಕಲ್ಲಿನ ಗೋಡೆಗಳು. ಜಾಹೀರಾತಿನ ಪೋರ್ಚುಗಲ್ ಅಂದರೆ ಇದೇ. ನೆತ್ತಿಯಲ್ಲಿ ತೂತಿರುವ ಬೆನಜಿಲ್ ಗುಹೆಯ ಚಿತ್ರ ನೀವು ನೋಡಿಯೇ ಇರುತ್ತೀರಿ. ಜನಜಂಗುಳಿ ಮಿತಿಮೀರಿ 2024ರಲ್ಲಿ ನಿಯಮ ಬಿಗಿ ಮಾಡಿದರು: ಈಜಿಕೊಂಡು ಹೋಗುವಂತಿಲ್ಲ, ಒಳಗಿನ ಮರಳಿನ ಮೇಲೆ ಇಳಿಯುವಂತಿಲ್ಲ. ದೋಣಿಯಲ್ಲೋ, ಮಾರ್ಗದರ್ಶಕರ ಜೊತೆ ಕಯಾಕಿನಲ್ಲೋ ಹೋಗಿ ಕತ್ತೆತ್ತಿ ನೋಡಿ ಬರಬೇಕು. ನನ್ನ ಕೇಳಿದರೆ ಮರಿನ್ಯಾ ಕಡಲತೀರದಿಂದ ಬಂಡೆಯ ಮೇಲೆಯೇ ಸಾಗುವ ಏಳು ತೂಗುಕಣಿವೆಗಳ ಹಾದಿ ಗುಹೆಗಿಂತ ಮೇಲು. ಆರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ದುಡ್ಡೂ ಕೊಡಬೇಕಿಲ್ಲ. ಕೆಳಗಿಳಿದರೆ ಮಾತ್ರ ಬಂಡೆಯ ನೆರಳು ತಂಪಾಗಿದೆ ಎಂದು ಬುಡದಲ್ಲಿ ಚಾಪೆ ಹಾಸಬೇಡಿ. 2009ರ ಆಗಸ್ಟಿನಲ್ಲಿ ಅಲ್ಬುಫೈರಾ ಹತ್ತಿರ ಹೀಗೆ ಕೂತಿದ್ದವರ ಮೇಲೆ ಬಂಡೆ ಕುಸಿದು ಐದು ಜನ ಸತ್ತರು. ಎಚ್ಚರಿಕೆಯ ಫಲಕಗಳನ್ನು ಶೋಕಿಗೆ ನೆಟ್ಟಿಲ್ಲ.

ದ್ವೀಪಗಳನ್ನು ಬಿಟ್ಟರೆ ಅನ್ಯಾಯವಾದೀತು. ಮಡೇರಾ ದ್ವೀಪದಲ್ಲಿ ಮಳೆಯೆಲ್ಲ ಉತ್ತರಕ್ಕೆ, ಹೊಲವೆಲ್ಲ ದಕ್ಷಿಣಕ್ಕೆ. ಅದಕ್ಕೆ ಹಿಂದಿನವರು ಬೆಟ್ಟದ ಪಕ್ಕೆ ಕೊರೆದು, ಸುರಂಗ ತೋಡಿ, ಸಣ್ಣ ಕಾಲುವೆಗಳಲ್ಲಿ ನೀರು ತಂದರು. ಒಟ್ಟು ಉದ್ದ ಎರಡು ಸಾವಿರ ಕಿಲೋಮೀಟರಿಗೂ ಮೇಲೆ. ಲೆವಾಡ ಎಂಬ ಈ ಕಾಲುವೆಗಳ ಪಕ್ಕದ ಗೇಣಗಲದ ದಂಡೆಯೇ ಈಗ ಚಾರಣದ ದಾರಿ. ಅಡಕೆ ತೋಟದ ಕಾಲುವೆಯ ಬದುವಿನಲ್ಲಿ ಸರ್ಕಸ್ ಮಾಡಿ ಬೆಳೆದ ಮಲೆನಾಡಿನವರಿಗೆ ಇದು ಮನೆಯ ಕೆಲಸ. ಒಂದು ಪಕ್ಕ ನೂರು ಅಡಿ ಪ್ರಪಾತ ಇರುವುದು ಮಾತ್ರ ಹೆಚ್ಚುವರಿ. ಸುರಂಗಕ್ಕೆ ಟಾರ್ಚು ಬೇಕು. ಈಚೆಗೆ ಶುಲ್ಕವೂ ಮುಂಗಡ ನೋಂದಣಿಯೂ ಬಂದಿವೆ, ಬೆಂಕಿ ಭೂಕುಸಿತದಿಂದ ಕೆಲವು ದಾರಿ ಮುಚ್ಚಿರುವುದುಂಟು, ವಿಚಾರಿಸಿಯೇ ಹೊರಡಿ. ಇಷ್ಟೆಲ್ಲ ಬೇಡ ಎನ್ನುವವರಿಗೆ ಮೋಂತೆ ಗುಡ್ಡದಿಂದ ಬುಟ್ಟಿಗಾಡಿ ಇದೆ. ಬೆತ್ತದ ಸೋಫಾಕ್ಕೆ ಮರದ ಜಾರುಪಟ್ಟಿ ಹೊಡೆದು, ಬಿಳಿ ಬಟ್ಟೆ ಹುಲ್ಲುಟೋಪಿಯ ಇಬ್ಬರು ಡಾಂಬರು ರಸ್ತೆಯಲ್ಲೇ ಎರಡು ಕಿಲೋಮೀಟರ್ ಇಳಿಸುತ್ತಾರೆ. ಬ್ರೇಕು ಅವರ ಬೂಟಿನ ರಬ್ಬರು!

ಅಝೋರ್ಸ್ ದ್ವೀಪಗಳು ಇನ್ನೂ ದೂರ, ಸಾಗರದ ನಟ್ಟನಡುವೆ. ಅಲ್ಲಿ ಫೂರ್ನಾಸ್ ಕೆರೆಯ ದಂಡೆಯಲ್ಲಿ ಬಿಸಿ ನೆಲಕ್ಕೆ ಗುಂಡಿ ತೋಡಿ, ಮಾಂಸ ತರಕಾರಿ ತುಂಬಿದ ಪಾತ್ರೆ ಹೂತು, ಆರೇಳು ಗಂಟೆ ಬಿಟ್ಟು ತೆಗೆಯುತ್ತಾರೆ. ಒಲೆ ಜ್ವಾಲಾಮುಖಿಯದು, ಗ್ಯಾಸಿನ ಖರ್ಚಿಲ್ಲ. ಸಸ್ಯಾಹಾರಿಗಳಿಗೆ ಬುಗ್ಗೆಯಲ್ಲಿ ಬೆಂದ ಜೋಳದ ತೆನೆ ಉಂಟು. ಫೂರ್ನಾಸ್ ಇರುವ ದ್ವೀಪದಲ್ಲೇ 1883ರಿಂದ ನಡೆಯುವ ಚಹಾ ತೋಟವೂ ಇದೆ. ಗುಡ್ಡದ ಮೇಲಿನ ಗೂಡುಗಳಲ್ಲಿ ಕೂತು ತಿಮಿಂಗಿಲ ಹುಡುಕುವ ಕಾವಲುಗಾರರು ಹಿಂದೆ ಬೇಟೆಗಾರರಿಗೆ ಸುದ್ದಿ ಮುಟ್ಟಿಸುತ್ತಿದ್ದರು. 1980ರ ದಶಕದಲ್ಲಿ ಬೇಟೆ ನಿಂತಿತು, ಈಗ ರೇಡಿಯೊದಲ್ಲಿ ಪ್ರವಾಸಿ ದೋಣಿಗಳಿಗೆ ಹೇಳುತ್ತಾರೆ. ಪೀಕು ದ್ವೀಪದ ಶಿಖರ 2351 ಮೀಟರ್, ದೇಶದಲ್ಲೇ ಎತ್ತರದ್ದು. ಹತ್ತುವವರು ಬುಡದ ಕಚೇರಿಯಲ್ಲಿ ಹೆಸರು ಬರೆಸಿಯೇ ಹೋಗಬೇಕು.

ಷಡ್ಡಕರು ಎಲ್ಲ ಕೇಳಿ, "ನನ್ನ ಹತ್ತಿರ ಒಂದೇ ವಾರ ಇದೆಯಲ್ಲ ಭಾವ" ಅಂದರು. ನಿಮಗೂ ಅಷ್ಟೇ ಇದ್ದರೆ ಹೀಗೆ ಮಾಡಿ. ಲಿಸ್ಬನ್ನಿಗೆ ಎರಡು ದಿನ ಕೊಡಿ. ಬೆನಜಿಲ್ ಬಿಡಿ, ದ್ವೀಪಗಳನ್ನು ಇನ್ನೊಂದು ಸಲಕ್ಕೆ ಇಡಿ. ಉಳಿದ ದಿನಗಳನ್ನು ಪೋರ್ತೊ ಕೋವೊದಿಂದ ದಕ್ಷಿಣಕ್ಕೆ ನಡೆಯಲು ಇಟ್ಟುಕೊಳ್ಳಿ. ಏಪ್ರಿಲ್, ಮೇ ಒಳ್ಳೆಯದು, ಗೂಡಿನಲ್ಲಿ ಮರಿಗಳಿರುತ್ತವೆ. ಜುಲೈ, ಆಗಸ್ಟ್ ಬೇಡ, ಮರಳು ಕಾಯುತ್ತದೆ. ದಿನಕ್ಕೆ ಎರಡು ಲೀಟರ್ ನೀರು ಹೊತ್ತುಕೊಳ್ಳಿ. ಸೂಟ್‌ಕೇಸನ್ನು ಹೊರಬೇಕಾಗಿಲ್ಲ, ಒಂದೂರಿನಿಂದ ಮುಂದಿನೂರಿಗೆ ವ್ಯಾನಿನಲ್ಲಿ ಸಾಗಿಸಿಕೊಡುವವರು ಅಲ್ಲಿ ಸಿಗುತ್ತಾರೆ.